ಹದಿನೇಳನೇ ತಾರೀಖಿನ ಚುಕ್ಕೆ

ಅತ್ತೆಯ ಕಷಾಯದಲ್ಲಿ ನಾನು ಐದು ಸಲ ಚಹಾಪುಡಿ ಕುದಿಸಿದೆ. ಫೆಬ್ರವರಿ ಹನ್ನೊಂದು, ಹದಿಮೂರು, ಹದಿನಾಲ್ಕು, ಹದಿನೆಂಟು, ಇಪ್ಪತ್ತೊಂದು. ಪ್ರತಿ ಸಲವೂ ಅಂಚಿಗೆ ಸಮನಾಗಿ ಸವರಿದ ಒಂದು ಚಮಚ. ಈ ತಾರೀಖುಗಳನ್ನು ಹೇಳಲು ನನಗೆ ಡೈರಿ ಬೇಕಾಗಿಲ್ಲ. ಬೇರೆಲ್ಲದಕ್ಕೂ ಬೇಕು. ಒಂಬತ್ತನೇ ತರಗತಿಯಿಂದ ಬರೆದಿಟ್ಟ ಹನ್ನೊಂದು ಡೈರಿಗಳಿವೆ ನನ್ನಲ್ಲಿ. ಬಸ್ಸು ಎಷ್ಟು ನಿಮಿಷ ತಡವಾಯಿತು, ತಲೆನೋವು ಯಾವ ದಿನ ಬಂತು, ತಿಂಗಳಲ್ಲಿ ಎಷ್ಟು ಸಲ ಊರಿಗೆ ಫೋನ್ ಮಾಡಿದೆ, ಎಲ್ಲವೂ ಅವುಗಳಲ್ಲಿದೆ. ಬರೆದಿಟ್ಟರೆ ವಿಷಯ ಅಲ್ಲೇ ಇರುತ್ತದೆ, ತಲೆಗೆ ಹತ್ತುವುದಿಲ್ಲ ಎಂದು ನಂಬಿದ್ದವಳು ನಾನು.

ಅತ್ತೆ ನಮ್ಮಪ್ಪನ ತಂಗಿ. ಮದುವೆಯಾಗಿ ರಾಣೆಬೆನ್ನೂರಿನಿಂದ ಪುಣೆಗೆ ಬಂದು ಮೂವತ್ತು ವರ್ಷದ ಮೇಲಾಯಿತು. ಮಾವ ಖಡಕಿಯ ಮದ್ದುಗುಂಡಿನ ಕಾರ್ಖಾನೆಯಲ್ಲಿ ಸ್ಟೋರ್ ಕೀಪರ್ ಆಗಿದ್ದು ನಿವೃತ್ತರಾದವರು. ಅವರಿಗೆ ಮಕ್ಕಳಿಲ್ಲ. ರಾಂಜಣಗಾಂವದ ಒಂದು ಕಾರ್ಖಾನೆಯ ಕ್ವಾಲಿಟಿ ವಿಭಾಗದಲ್ಲಿ ನನಗೆ ಕೆಲಸ ಸಿಕ್ಕಾಗ, ವಾಕಡದಲ್ಲಿ ಪಿಜಿ ಹುಡುಕುತ್ತಿದ್ದ ನನ್ನನ್ನು ಅತ್ತೆ ಬೈದು ಮನೆಗೆ ಕರೆದುಕೊಂಡು ಬಂದಳು. ಬೆಳಿಗ್ಗೆ ಐದೂಕಾಲಿಗೆ ಕಂಪನಿ ಬಸ್ಸು ಹಿಡಿದರೆ ಮನೆಗೆ ಬರುವುದು ಸಂಜೆ ನಾಲ್ಕೂವರೆ, ನಾಲ್ಕೂ ಮುಕ್ಕಾಲಿಗೆ. ಬಂದ ಮೇಲೆ ನನ್ನ ಪಾಲಿನ ಮನೆಗೆಲಸ ಒಂದೇ ಒಂದು. ಐದು ಗಂಟೆಗೆ ಮಾವನಿಗೆ ಚಹಾ, ನನಗೆ ಚಹಾ, ಅತ್ತೆಗೆ ಕಷಾಯ ಮಾಡುವುದು.

ಅತ್ತೆ ಚಹಾ ಕುಡಿಯುತ್ತಿರಲಿಲ್ಲ. ಅರ್ಧ ಕಪ್ಪಿಗೇ ಅವಳ ಕೈ ನಡುಗುತ್ತಿತ್ತು, ಎದೆ ಹೊಡೆದುಕೊಳ್ಳುತ್ತಿತ್ತು, ಆ ದಿನದ ನಿದ್ದೆ ಹೋಗುತ್ತಿತ್ತು. ಹಾಗೆಂದು ಅವಳು ಹೇಳುತ್ತಿದ್ದಳು. ಮನೆಗೆ ಬಂದವರ ಮುಂದೆ ಮಾವ ಅದನ್ನೇ ಒಂದು ತಮಾಷೆ ಮಾಡಿಕೊಂಡಿದ್ದರು. "ನಮ್ಮಾಕಿಗೆ ಚಹಾದ ವಾಸನಿ ಬಡದ್ರ ಸಾಕ್ರಿ, ನಾ ಆಂಬ್ಯುಲೆನ್ಸಿಗೆ ಫೋನ್ ಹಚ್ಚಬೇಕು" ಎನ್ನುತ್ತಿದ್ದರು. ಬಂದವರು ನಗುತ್ತಿದ್ದರು. ಅತ್ತೆಯೂ ನಗುತ್ತಿದ್ದಳು, ಆದರೆ ನಗುವಾಗ ಯಾರ ಮುಖವನ್ನೂ ನೋಡುತ್ತಿರಲಿಲ್ಲ.

ನಿಜವಾದ ಕಷ್ಟ ಸಂಕ್ರಾಂತಿಯಿಂದ ರಥಸಪ್ತಮಿಯವರೆಗೆ. ಇಲ್ಲಿಯ ಹೆಂಗಸರು ಆ ದಿನಗಳಲ್ಲಿ ಮನೆ ಮನೆಗೆ ಅರಿಶಿನ ಕುಂಕುಮಕ್ಕೆ ಕರೆಯುತ್ತಾರೆ. ಎಳ್ಳುಂಡೆ ಕೊಟ್ಟು, ಒಂದು ಸಣ್ಣ ಡಬ್ಬಿಯೋ ಜರಡಿಯೋ ಕೈಗಿಟ್ಟು, ಚಹಾ ಕೊಡುತ್ತಾರೆ. ಕುಂಕುಮ ಹಚ್ಚಿಸಿಕೊಂಡವಳು ಬರೀ ಬಾಯಲ್ಲಿ ಎದ್ದರೆ ಮನೆಯವಳಿಗೆ ಅವಮಾನ. ಅತ್ತೆ ಕಪ್ಪು ತೆಗೆದುಕೊಂಡು, ತುಟಿ ತೋಯಿಸಿ, ಮಾತಿನ ನಡುವೆ ಸೆರಗಿನ ಮರೆಯಲ್ಲಿ ನನ್ನ ಕಡೆ ಸರಿಸುತ್ತಿದ್ದಳು. ನಾನು ಖಾಲಿ ಮಾಡಿ ಕೊಡುತ್ತಿದ್ದೆ. ಹೋದ ವರ್ಷ ಒಟ್ಟು ಹನ್ನೊಂದು ಮನೆ. ಒಂದೇ ಸಂಜೆ ನಾಲ್ಕು ಮನೆಗೆ ಹೋದ ದಿನ, ಅವಳ ಪಾಲಿನದೂ ಸೇರಿ ನಾನು ಕುಡಿದದ್ದು ಎಂಟು ಕಪ್. ಮನೆಗೆ ಬಂದು ಒಂಬತ್ತಕ್ಕೆ ಮಲಗಿದವಳು ಅಲಾರಂ ಹೊಡೆಯುವವರೆಗೆ ಮಗ್ಗಲು ಬದಲಿಸಲಿಲ್ಲ. ಡೈರಿಯಲ್ಲಿ ಹೀಗಿದೆ: "ಎಂಟು ಕಪ್. ನನಗೆ ಏನೂ ಇಲ್ಲ. ಅತ್ತೆಗೆ ಒಂದು ಗುಟುಕಿಗೇ ಅಷ್ಟಾಗುವುದು ಹೇಗೆ?"

ಆ ಪ್ರಶ್ನೆಯ ಕೆಳಗೆ ಎರಡು ಗೆರೆ ಎಳೆದಿದ್ದೇನೆ. ಅವನ್ನು ಈಗ ನೋಡಿದರೆ ಬೇರೆ ಯಾರೋ ಎಳೆದಂತೆ ಅನ್ನಿಸುತ್ತದೆ.

ನಾನು ಕೆಲಸ ಮಾಡುವಲ್ಲಿ ಬಿಸಿನೀರಿಗೆ ಹಾಕಿ ಕಲಸಿ ಕುಡಿಯುವ ಚಹಾ ಕಾಫಿ ಪುಡಿಗಳು ತಯಾರಾಗುತ್ತವೆ. ಕಚ್ಚಾ ಸಾಮಾನಿನ ಕಪಾಟಿನಲ್ಲಿ ಗಾಜಿನ ಜಾಡಿಗಳ ಸಾಲು ಇದೆ: ಕಾಫಿ ಬೀಜ, ಚಹಾ ಎಲೆ, ಕೋಕೋ, ಎಲ್ಲೋ ದೂರದ ದೇಶಗಳಿಂದ ಬಂದ ಗ್ವಾರಾನಾ ಬೀಜದ ಪುಡಿ, ಮಾಟೆ ಎಂಬ ಎಲೆ. ನೋಡಲಿಕ್ಕೆ ಒಂದಕ್ಕೊಂದು ಸಂಬಂಧವೇ ಇಲ್ಲ, ಒಳಗಿನ ಸತ್ವ ಮಾತ್ರ ಒಂದೇ, ಕೆಫೀನ್. ತಮ್ಮನ್ನು ತಿನ್ನಲು ಬರುವ ಹುಳುಗಳನ್ನು ಓಡಿಸಲು ಗಿಡಗಳು ಮಾಡಿಕೊಂಡ ವಿಷ ಅದು ಎಂದು ನಮ್ಮ ವಿಭಾಗದ ಹಿರಿಯರು ಮೊದಲ ವಾರವೇ ಹೇಳಿದ್ದರು. ಅದು ಎಲ್ಲರ ಮೈಯಲ್ಲೂ ಒಂದೇ ವೇಗದಲ್ಲಿ ಕರಗುವುದಿಲ್ಲ ಎಂದೂ ಅವರೇ ಹೇಳಿದ್ದರು. ಕೆಲವರ ಪಿತ್ತಜನಕಾಂಗ ಅದನ್ನು ಬೇಗ ತೊಳೆದುಹಾಕುತ್ತದೆ, ಕೆಲವರದು ನಿಧಾನ. ಬೀಡಿ ಸಿಗರೇಟು ಸೇದುವವರಿಗೆ ಬೇಗ ಇಳಿಯುತ್ತದೆ, ಬಸುರಿಯರಿಗೆ ತಡವಾಗುತ್ತದೆ. ಅದನ್ನು ನಾನು ಬರೆದುಕೊಂಡಿದ್ದೆ. ಬರೆದುಕೊಂಡು, ಮರೆತಿದ್ದೆ.

ಮರೆಯಲಿಕ್ಕೆ ಕಾರಣವಾದದ್ದು ರುಚಿ ನೋಡುವ ಕೋಣೆ. ಅಲ್ಲಿ ಕಪ್ಪುಗಳ ಮೇಲೆ ಹೆಸರು ಇರುವುದಿಲ್ಲ, ಮೂರಂಕಿಯ ಸಂಖ್ಯೆ ಮಾತ್ರ. ಯಾವುದರಲ್ಲಿ ಏನಿದೆ ಎಂದು ಕುಡಿಯುವವರಿಗೆ ಗೊತ್ತಿರುವುದಿಲ್ಲ. ಜನವರಿ ಕೊನೆಯಲ್ಲಿ ಒಂದು ದಿನ ಪ್ಯಾಕಿಂಗ್ ವಿಭಾಗದ ಒಬ್ಬರು ಬಂದು, ನಿನ್ನೆಯ ಆ ಕಪ್ಪಿನಿಂದ ಬೆಳತನಕ ಕಣ್ಣು ಮುಚ್ಚಲಿಲ್ಲ ಎಂದು ಜಗಳ ತೆಗೆದರು. ಪಟ್ಟಿ ನೋಡಿದರೆ ಅವರು ಕುಡಿದದ್ದು ಕೆಫೀನ್ ತೆಗೆದ ಕಾಫಿ. ಕೋಣೆಯೆಲ್ಲ ನಕ್ಕಿತು. ನನ್ನ ಜೊತೆ ಕೆಲಸ ಮಾಡುವ ಹಾಸನದ ಹುಡುಗಿ, ಐದು ಲೋಟ ಕಾಫಿ ಕುಡಿದು ಬಸ್ಸಿನಲ್ಲಿ ನನ್ನ ಭುಜದ ಮೇಲೆ ನಿದ್ದೆ ಮಾಡುವವಳು, "ನೋಡ್ದೇನೇ, ಎಲ್ಲಾ ತಲೆಯೊಳಗೇ ಇರೋದು ಕಣೆ" ಎಂದಳು. ಆ ನಗುವನ್ನೂ ಆ ಮಾತನ್ನೂ ನಾನು ಖಡಕಿಯ ಅಡುಗೆಮನೆಗೆ ಹೊತ್ತು ತಂದೆ.

ಇಲ್ಲಿ ದೊಡ್ಡತ್ತೆಯ ವಿಷಯ ಹೇಳಬೇಕು. ಅವಳು ಅತ್ತೆಯ ಅಕ್ಕ. ಅವಳನ್ನೂ ಪುಣೆಗೇ ಕೊಟ್ಟಿದ್ದರು, ಎರಡು ಓಣಿ ಆಚೆ. ನಾನು ಸಣ್ಣವಳಿದ್ದಾಗ, ಒಂದು ಸಂಕ್ರಾಂತಿಯ ಸಮಯದಲ್ಲಿ, ನಾಲ್ಕಾರು ಮನೆಯ ಕುಂಕುಮ ಮುಗಿಸಿ ತಂಗಿಯ ಮನೆಗೆ ಬಂದು ಅಡುಗೆಮನೆಯ ಹೊಸ್ತಿಲ ಪಕ್ಕದ ಮಣೆಯ ಮೇಲೆ ಕೂತಳಂತೆ. ಎದೆ ಓಡುತ್ತಿದೆ ಎಂದಳಂತೆ. ತಂಗಿಯ ಕೈ ಹಿಡಿದು ಎದೆಯ ಮೇಲೆ ಇಟ್ಟುಕೊಂಡಳಂತೆ. ಮಾವನ ಕಾರ್ಖಾನೆಯ ಸಂಜೆಯ ಭೋಂಗಾ, ಅಂದರೆ ಸೈರನ್, ಕೂಗುವ ಮೊದಲೇ ಹೋಗಿಬಿಟ್ಟಳು. ಚಹಾದಿಂದ ಹಾಗಾಯಿತು ಎಂದು ಯಾವ ಡಾಕ್ಟರೂ ಹೇಳಲಿಲ್ಲ, ಅತ್ತೆಯೂ ಹೇಳಲಿಲ್ಲ. ಅವಳು ಹೇಳುತ್ತಿದ್ದದ್ದು ಒಂದೇ ಮಾತು, ಪ್ರತಿ ಸಲ ಅದೇ ಪದಗಳಲ್ಲಿ: "ಅಕ್ಕನ ಎದಿಯೊಳಗ ಯಾರೋ ಅಡ್ಡಾಡಾಕತ್ತಿದ್ರು. ಕೈ ಇಟ್ಟಾಗ ಹೆಜ್ಜಿ ನನಗೂ ತಿಳೀತು."

ತನಗೆ ಮೊದಲಿನಿಂದಲೂ ಆಗದ ಚಹಾವನ್ನು ಅತ್ತೆ ಆ ವರ್ಷದಿಂದ ಪೂರ್ತಿ ಬಿಟ್ಟಳು. ಆಮೇಲೆ ಎಂದಾದರೂ ಯಾರದೋ ಒತ್ತಾಯಕ್ಕೆ ನಾಲ್ಕು ಗುಟುಕು ಒಳಗೆ ಹೋಗಿ ಎದೆ ಹೊಡೆದುಕೊಂಡರೆ, "ಚಹಾದ್ದದು, ಇಳದ ಹೋಗ್ತದ" ಎಂದು ತನಗೆ ತಾನೇ ಹೇಳಿಕೊಂಡು ಗೋಡೆಗೆ ಒರಗಿ ಕೂರುತ್ತಿದ್ದಳು. ಆ ಒಂದು ವಾಕ್ಯ ಅವಳಿಗೆ ಎಷ್ಟು ದೊಡ್ಡ ಆಸರೆಯಾಗಿತ್ತು ಎಂಬುದು ನಾನು ಅದನ್ನು ಕಿತ್ತುಕೊಂಡ ಮೇಲೆ ತಿಳಿಯಿತು.

ಅತ್ತೆಗೆ ಆಗುವುದು ಚಹಾದಿಂದಲೋ ಬರೀ ತಲೆಯೊಳಗಿನಿಂದಲೋ ಎಂದು ಅವಳಿಗೆ ಗೊತ್ತಾಗದಂತೆ ಪರೀಕ್ಷಿಸಲು ಫೆಬ್ರವರಿ ಹತ್ತು, ಸೋಮವಾರ ಶುರು ಮಾಡಿದೆ. ಶನಿವಾರ ಭಾನುವಾರ ಬಿಟ್ಟು ಹತ್ತು ದಿನ. ಹತ್ತು ಚೀಟಿ, ಐದರಲ್ಲಿ "ಚ", ಐದು ಖಾಲಿ. ಸ್ಟೀಲ್ ಡಬ್ಬಿಯಲ್ಲಿ ಹಾಕಿ ಅಲ್ಲಾಡಿಸಿ ದಿನಕ್ಕೊಂದು ಎತ್ತುವುದು. "ಚ" ಬಂದರೆ ಕಷಾಯದ ಪುಡಿಯ ಜೊತೆಗೇ ಚಹಾಪುಡಿ ಕುದಿಸಿ ಸೋಸುವುದು. ಅತ್ತೆಯ ಕಷಾಯದಲ್ಲಿ ಮೆಣಸು, ಒಣಶುಂಠಿ, ಕೊತ್ತಂಬರಿ, ಜೀರಿಗೆ, ಬೆಲ್ಲ, ಮೇಲೆ ಹಾಲು. ಬಣ್ಣವೂ ಅದೇ ಕಂದು. ರುಚಿ ಹತ್ತುವುದಿಲ್ಲ ಎಂದು ನಾನೇ ಮೊದಲು ಕುಡಿದು ನೋಡಿದ್ದೆ. ಚೀಟಿ ಎತ್ತಿದವಳೂ ನಾನೇ, ಕುದಿಸಿದವಳೂ ನಾನೇ, ನೋಡಿ ಬರೆದುಕೊಂಡವಳೂ ನಾನೇ. ನಮ್ಮ ಕೋಣೆಯ ಪದ್ಧತಿಯ ಪ್ರಕಾರ ಅದೇ ಒಂದು ತಪ್ಪು. ಕುಡಿಯುವವರನ್ನು ಕೇಳದೆ ಕೊಡುವುದು ಅದಕ್ಕಿಂತ ದೊಡ್ಡ ತಪ್ಪು, ಆದರೆ ಅದು ಆಗ ನನ್ನ ತಲೆಗೆ ಬರಲೇ ಇಲ್ಲ. ಅತ್ತೆ ಮನೆಯವಳಲ್ಲವೇ ಅನ್ನಿಸಿತ್ತು.

ಸೋಮವಾರ ಖಾಲಿ ಚೀಟಿ ಬಂತು. ಅತ್ತೆ ಕಷಾಯ ಕುಡಿದು, ಮಾವನ ಜೊತೆ ಮೆಂತ್ಯದ ಸೊಪ್ಪಿಗಾಗಿ ವಾದ ಮಾಡಿ, ಧಾರಾವಾಹಿ ನೋಡಿದಳು. ಮಂಗಳವಾರ "ಚ". ಐದೂ ಹತ್ತಕ್ಕೆ ಕುಡಿದಳು. ಐದೂ ಐವತ್ತಕ್ಕೆ ಸೊಪ್ಪು ಬಿಡಿಸುತ್ತಿದ್ದ ಕೈ ನಿಂತಿತು. ಎದೆಯ ಮೇಲೆ ಕೈ ಇಟ್ಟುಕೊಂಡಳು. ತೆಗೆದಳು, ಮತ್ತೆ ಇಟ್ಟುಕೊಂಡಳು. ನಾನು ಬಾಗಿಲ ಬಳಿ ಕೂತು ನಾಲ್ಕು ಸಲ ಎಂದು ಬರೆದುಕೊಂಡೆ. ಮೊದಲ ದಿನ ನನಗೆ ಆದದ್ದು ಭಯವಲ್ಲ, ಸಂತೋಷ. ಲೆಕ್ಕ ಸರಿಯಾಗಿ ಬರುತ್ತಿದೆ ಎನ್ನುವ ಸಂತೋಷ.

ಅತ್ತೆ ಹೊಸ್ತಿಲ ಪಕ್ಕದ ಮಣೆಯನ್ನೇ ನೋಡುತ್ತಿದ್ದಳು. "ಚಹಾ ಕುಡದಿಲ್ಲ, ಏನಿಲ್ಲ" ಎಂದಳು, ನನಗಲ್ಲ. ಸ್ವಲ್ಪ ಹೊತ್ತಿನ ಮೇಲೆ, "ಅಕ್ಕ ಬಂದಾಳ" ಎಂದಳು.

ಆಗಲೇ ನಿಲ್ಲಿಸಬಹುದಿತ್ತು. ಒಂದು ಸಲ ಆದದ್ದು ಪುರಾವೆಯಲ್ಲ ಎಂದು ಬರೆದು ಮುಂದುವರಿಸಿದೆ. ಹದಿಮೂರಕ್ಕೆ ಮೂರು ಸಲ ಎದ್ದು ನೀರು ಕುಡಿದಳು. ಹದಿನಾಲ್ಕಕ್ಕೆ ಕಪ್ಪನ್ನು ತಟ್ಟೆಯ ಮೇಲೆ ಇಡುವಾಗ ಅದು ಕಟಕಟ ಸದ್ದು ಮಾಡಿತು. ಆ ಸದ್ದು ನನಗೆ ಈಗಲೂ ಕೇಳಿಸುತ್ತದೆ. ಕಾರ್ಖಾನೆಯ ಕೋಣೆಯಲ್ಲಿ ಯಾರಾದರೂ ಕಪ್ಪು ಇಟ್ಟರೆ ನಾನು ತಿರುಗಿ ನೋಡುತ್ತೇನೆ. ಹದಿನೆಂಟಕ್ಕೆ ಎದೆ ಹಿಡಿದುಕೊಂಡು ಎದ್ದಳು. ಮಣೆಯನ್ನು ಒರೆಸಿ, ಅದರ ಮೇಲೆ ಒಂದು ಮಡಿಚಿದ ಟವೆಲ್ ಹಾಕಿದಳು, ಯಾರೋ ಕೂರುವವರಿದ್ದಾರೆ ಎಂಬಂತೆ. ಇಪ್ಪತ್ತೊಂದಕ್ಕೆ ಕೊನೆಯ "ಚ" ಚೀಟಿ. ಅದನ್ನು ಕೈಯಲ್ಲಿ ಹಿಡಿದು ನಿಂತಿದ್ದೆ. ಪಟ್ಟಿ ಅರ್ಧಕ್ಕೆ ಉಳಿಯಬಾರದು ಎಂದು ಹಾಕಿದೆ. ನನ್ನ ಜೀವನದಲ್ಲಿ ನಾನು ಮಾಡಿದ ಅತ್ಯಂತ ಶಿಸ್ತಿನ ಕೆಲಸ ಅದೇ, ಅತ್ಯಂತ ಕೆಟ್ಟದ್ದೂ ಅದೇ.

ಲೆಕ್ಕದ ಪ್ರಕಾರ ಅತ್ತೆ ಗೆದ್ದಿದ್ದಳು. ಐದಕ್ಕೆ ಐದು. ಖಾಲಿ ಚೀಟಿಯ ಐದು ದಿನಗಳಲ್ಲಿ ನಾನು ನೋಡಿದ ಮಟ್ಟಿಗೆ ಏನೂ ಆಗಿರಲಿಲ್ಲ. ಇಷ್ಟು ವರ್ಷ ಅವಳು ಹೇಳಿದ್ದೆಲ್ಲ ನಿಜ. ಆದರೆ ಅದನ್ನು ಅವಳಿಗೆ ಹೇಗೆ ಹೇಳುವುದು?

ಶನಿವಾರ, ಇಪ್ಪತ್ತೆರಡು. ಅತ್ತೆ ಟ್ರಂಕು ತೆಗೆದಳು. ಸೀರೆಗಳನ್ನು ಹಾಸಿಗೆಯ ಮೇಲೆ ಹರಡಿ ಯಾವುದು ಯಾರಿಗೆ ಎಂದು ವಿಂಗಡಿಸಿದಳು. ಬೆಳ್ಳಿ ಆರತಿ ನಾದಿನಿಗೆ, ಕುಕ್ಕರು ಕೆಲಸದವಳಿಗೆ. ಗ್ಯಾಸ್ ಪುಸ್ತಕ ಎಲ್ಲಿದೆ, ಮಾವನ ಬಿಪಿ ಮಾತ್ರೆ ಯಾವ ಡಬ್ಬಿಯಲ್ಲಿದೆ ಎಂದು ನನಗೆ ತೋರಿಸಿದಳು. ಮಾವ ಮೊದಲು ನಕ್ಕರು, ಆಮೇಲೆ ಸಿಟ್ಟಾದರು, ಆಮೇಲೆ ಹೆದರಿದರು. ಸೋಮವಾರ ನಾನು ರಜೆ ಹಾಕಿದೆ, ಮೂವರೂ ಡಾಕ್ಟರ ಬಳಿ ಹೋದೆವು. ಇಸಿಜಿ ಮಾಡಿದರು. ಸರಿಯಾಗಿಯೇ ಇತ್ತು. ಚಹಾ, ಕಾಫಿ ಎಷ್ಟು ಕುಡಿಯುತ್ತೀರಿ ಎಂದು ಡಾಕ್ಟರು ಮರಾಠಿಯಲ್ಲಿ ಕೇಳಿದರು.

"ಅಜಿಬಾತ್ ನಾಹಿ" ಎಂದಳು ಅತ್ತೆ. ಒಂದು ಹನಿಯೂ ಇಲ್ಲ.

ನಾನು ಅವಳ ಪಕ್ಕದ ಕುರ್ಚಿಯಲ್ಲಿದ್ದೆ. ಅವಳ ಪರ್ಸು ನನ್ನ ತೊಡೆಯ ಮೇಲಿತ್ತು. ಡಾಕ್ಟರು ಏನೋ ಬರೆದರು, ಇನ್ನೂ ಎರಡು ಪರೀಕ್ಷೆ ಹೇಳಿದರು. ನಾನು ಬಾಯಿ ತೆರೆಯಲಿಲ್ಲ. ಮಾವನ ಸಿಟ್ಟಿಗೆ ಹೆದರಿದೆ, ಮನೆ ಬಿಡಬೇಕಾಗುತ್ತದೆ ಎಂದು ಹೆದರಿದೆ, ಅಪ್ಪನಿಗೆ ಗೊತ್ತಾಗುತ್ತದೆ ಎಂದು ಹೆದರಿದೆ. ಆ ದಿನದ ಪುಟದಲ್ಲಿ ಒಂದೇ ಸಾಲಿದೆ: "ಸುಮ್ಮನಿದ್ದೆ."

ಕೊನೆಯ ಚೀಟಿಯ ದಿನದಿಂದ ಎಣಿಸಿದರೆ ಹಾಗೆ ಒಂಬತ್ತು ದಿನ ಸುಮ್ಮನಿದ್ದೆ. ಚಹಾಪುಡಿ ನಿಲ್ಲಿಸಿದ್ದರಿಂದ ಅತ್ತೆಯ ಎದೆ ಶಾಂತವಾಯಿತು. ಶಾಂತವಾದರೆ ಅವಳು ಇದನ್ನೆಲ್ಲ ಮರೆಯುತ್ತಾಳೆ ಎಂದುಕೊಂಡಿದ್ದೆ. ಹಾಗಾಗಲಿಲ್ಲ. "ಈಗ ಸುಮ್ಮನಾಗ್ಯಾಳ ನೋಡು. ತಯಾರಿ ಮಾಡ್ಕೊಳ್ಳಲಿ ಅಂತ ನನಗ ಟೈಮ್ ಕೊಟ್ಟಾಳ" ಎಂದಳು. ಪರೀಕ್ಷೆಗಳಿಗೆ ಬರುವುದಿಲ್ಲ ಎಂದು ಹಠ ಹಿಡಿದಳು. ರಾಣೆಬೆನ್ನೂರಿಗೆ ಫೋನ್ ಮಾಡಿ, ಒಮ್ಮೆ ಬಂದು ಮುಖ ನೋಡಿ ಹೋಗು ಎಂದು ನಮ್ಮಪ್ಪನಿಗೆ ಹೇಳಿದಳು. ಅಪ್ಪ ಟಿಕೆಟ್ ಮಾಡಿಸಿದ.

ಮಾರ್ಚ್ ಎರಡು, ಭಾನುವಾರ, ಹಗಲು ಹನ್ನೊಂದು ಗಂಟೆ. ಮಾವ ಮಾರುಕಟ್ಟೆಗೆ ಹೋಗಿದ್ದರು. ಅತ್ತೆ ನನ್ನನ್ನು ಕರೆದು ಕಡುಗೆಂಪು ಅಂಚಿನ ಒಂದು ಇಳಕಲ್ ಸೀರೆಯನ್ನು ಕೈಗಿಟ್ಟಳು. ದೊಡ್ಡತ್ತೆಯದು. "ಇದ ನಿನಗ. ನಾ ಹೋದ ಮ್ಯಾಲೆ ಒಮ್ಮೆ ಉಟ್ಗೋ" ಎಂದಳು. ಸೀರೆಯಲ್ಲಿ ಹಳೆಯ ಕರ್ಪೂರದ ವಾಸನೆ ಇತ್ತು. ನಾನು ಅದನ್ನು ಹಿಡಿದುಕೊಂಡೇ ಹೇಳಿದೆ.

"ಅತ್ತೀ, ದೊಡ್ಡತ್ತಿ ಬಂದಿಲ್ಲ. ನಾ ನಿನ್ನ ಕಷಾಯದಾಗ ಚಹಾಪುಡಿ ಹಾಕಿದ್ದೆ."

ಅವಳು ನನ್ನ ಕೆನ್ನೆ ಸವರಿದಳು. "ನನ್ನ ಸಮಾಧಾನಕ್ಕ ಸುಳ್ಳ ಹೇಳಬ್ಯಾಡ ತಂಗಿ."

ಅದು ನಾನು ಎಣಿಸಿರದ ಮಾತು. ಬೈಗುಳಕ್ಕೆ, ಅಳುವಿಗೆ, ಹೊರಗೆ ಹೋಗು ಎನ್ನುವುದಕ್ಕೆ ತಯಾರಾಗಿದ್ದೆ. ನನ್ನ ತಪ್ಪನ್ನು ಅವಳು ನನ್ನ ಒಳ್ಳೆಯತನ ಎಂದುಕೊಳ್ಳುತ್ತಾಳೆ ಎಂದು ಎಣಿಸಿರಲಿಲ್ಲ. ಒಳಗೆ ಹೋಗಿ ಡೈರಿ ತಂದು ಆ ಪುಟ ತೆರೆದು ಅವಳ ಮುಂದೆ ಇಟ್ಟೆ. ಡಬ್ಬಿಯಲ್ಲಿದ್ದ ಚೀಟಿಗಳನ್ನೂ ಸುರಿದೆ.

ಅತ್ತೆ ಕನ್ನಡಕ ಹಾಕಿಕೊಂಡು ಓದಿದಳು. ಬೆರಳಿಟ್ಟು, ಸಾಲು ಸಾಲಾಗಿ. ಐದೂ ಐವತ್ತು, ಎದೆಯ ಮೇಲೆ ಕೈ, ನಾಲ್ಕು ಸಲ. ನೀರಿಗೆ ಎದ್ದದ್ದು, ಮೂರು ಸಲ. ಅವಳ ಮುಖದಲ್ಲಿ ಏನೂ ಬದಲಾಗಲಿಲ್ಲ. ಓದಿ ಮುಗಿಸಿ ಎದ್ದು ಅಡುಗೆಮನೆಯ ಗೋಡೆಯಿಂದ ಕ್ಯಾಲೆಂಡರನ್ನು ಮೊಳೆಸಹಿತ ಕಿತ್ತು ತಂದಳು. ಹಾಲಿನ ಗುರುತು, ಗ್ಯಾಸ್ ಬಂದ ದಿನ ಬರೆಯುವ ಕ್ಯಾಲೆಂಡರ್. ಫೆಬ್ರವರಿಯ ಪುಟ ಮಡಚಿ ನನ್ನ ಪುಟದ ಪಕ್ಕಕ್ಕೆ ಇಟ್ಟಳು. ಕೆಲವು ತಾರೀಖಿನ ಮನೆಗಳಲ್ಲಿ ಒಂದೊಂದು ಕುಂಕುಮದ ಚುಕ್ಕೆ ಇತ್ತು. ಪೂಜೆ ಮಾಡಿದ ಬೆರಳು ತಾಗಿರಬೇಕು ಎಂದು ನಾನು ದಿನವೂ ನೋಡಿ ದಾಟಿಹೋಗುತ್ತಿದ್ದ ಚುಕ್ಕೆಗಳು. ಅತ್ತೆಯ ಮನೆಯಲ್ಲಿ ಎಣಿಸುವವಳು ನಾನೊಬ್ಬಳೇ ಎಂದುಕೊಂಡಿದ್ದೆ.

"ಅಕ್ಕ ಬಂದ ದಿವಸ" ಎಂದಳು ಅತ್ತೆ. ಒಂದೊಂದನ್ನೇ ತಾಳೆ ನೋಡಿದಳು. ಹನ್ನೊಂದು. ಹದಿಮೂರು. ಹದಿನಾಲ್ಕು. ಹದಿನೆಂಟು. ಇಪ್ಪತ್ತೊಂದು. ಒಂದೊಂದು ಚುಕ್ಕೆಯನ್ನೂ ಒದ್ದೆ ಬೆರಳಿನಿಂದ ಒರೆಸುತ್ತ ಹೋದಳು. ಕಾಗದ ಕೆಂಪಾಯಿತು. ಆಮೇಲೆ ಬೆರಳು ಹಿಂದಕ್ಕೆ ಬಂದು, ಇನ್ನೂ ಒಂದು ಚುಕ್ಕೆ ಉಳಿದಿದ್ದ ಮನೆಯ ಮೇಲೆ ನಿಂತಿತು.

"ಹದಿನೇಳಕ್ಕ ಏನ್ ಹಾಕಿದ್ದಿ?"

"ಏನೂ ಇಲ್ಲ. ಅವತ್ತ ಖಾಲಿ ಚೀಟಿ."

"ಖರೇ ಹೇಳು."

"ಖರೇನ ಅತ್ತಿ. ಬರೇ ಕಷಾಯ."

ಹೊರಗೆ ಯಾರೋ ತಗಡಿನ ಬಾಗಿಲು ಎಳೆದ ಸದ್ದಾಯಿತು. ನಾನು ತಲೆಯೊಳಗೆ ಹುಡುಕುತ್ತಿದ್ದೆ. ಹದಿನಾಲ್ಕರ ಚಹಾ ಮೂರು ದಿನ ಮೈಯಲ್ಲಿ ಉಳಿಯುವುದು ಅವಳಂಥವಳಿಗೂ ಸಾಧ್ಯವಿಲ್ಲ. ಚಾಕಲೇಟು? ಕೋಲಾ? ತಲೆನೋವಿನ ಮಾತ್ರೆ? ಒಂದೊಂದಾಗಿ ಕೇಳಿದೆ. ಎಲ್ಲದಕ್ಕೂ ತಲೆ ಅಲ್ಲಾಡಿಸಿದಳು. ಪಾತ್ರೆಯಲ್ಲಿ ಹಳೆಯ ಚಹಾಪುಡಿ ಉಳಿದಿತ್ತೇ? ಇಲ್ಲ, ಪಾತ್ರೆಗಳನ್ನು ತೊಳೆದು ಬೇರೆ ಇಡುತ್ತಿದ್ದೆ, ಅದೂ ಬರೆದಿದೆ. ಹದಿನೇಳರ ಸೋಮವಾರ ನಾನು ಅವಳ ಮೇಲೆ ಕಣ್ಣಿಟ್ಟೇ ಕೂತಿದ್ದೆ, ಕೈ ಎದೆಗೆ ಹೋದದ್ದನ್ನು ಕಂಡಿರಲಿಲ್ಲ.

"ಉಳದ ದಿವಸ ನನಗ ಭಾಳ ಅಂಜಿಕಿ ಆಗಿತ್ತು" ಎಂದಳು ಕೊನೆಗೆ. "ಅವತ್ತ ಆಗಿರಲಿಲ್ಲ. ಸುಮ್ಮನ ಬಾಜೂಕ ಕುಂತಂಗ ಆತು." ಹದಿನೇಳರ ಚುಕ್ಕೆಯನ್ನು ಅವಳು ಒರೆಸಲಿಲ್ಲ. "ಇದೊಂದ ನನಗಿರಲಿ."

ಮಾವ ಬಂದ ಮೇಲೆ, ಅವರ ಮುಂದೆ ಓದು ಎಂದಳು. ಚೀಲವನ್ನು ಕೈಯಲ್ಲಿ ಹಿಡಿದು ನಿಂತೇ ಅವರು ಕೇಳಿಸಿಕೊಂಡರು. ನಾನು ತಾರೀಖು ಓದಿದೆ, ಚಮಚ ಓದಿದೆ, ನಾಲ್ಕು ಸಲ, ಮೂರು ಸಲ ಎಂದು ಓದಿದೆ. ಅವರು ನನ್ನನ್ನು ಬೈಯುತ್ತಾರೆ ಎಂದು ಕಾದೆ. ಅವರು ಅತ್ತೆಯನ್ನು ನೋಡುತ್ತಿದ್ದರು. "ಇದು ನಖರಾ ಅಲ್ಲ ಅಂತ ಈಗರೆ ತಿಳೀತಲ್ರಿ" ಎಂದಳು ಅತ್ತೆ. ಅವರು ಚೀಲ ಕೆಳಗಿಟ್ಟು, ಸೊಪ್ಪು ತೆಗೆದು, ಬಿಡಿಸಲು ಕೂತರು. ಅದಕ್ಕೂ ಮೊದಲು ಅವರು ಸೊಪ್ಪು ಬಿಡಿಸಿದ್ದನ್ನು ನಾನು ನೋಡಿರಲಿಲ್ಲ. ಸಂಜೆ ಅತ್ತೆ ಊರಿಗೆ ಫೋನ್ ಮಾಡಿ ಅಪ್ಪನಿಗೆ ಬರಬೇಡ ಎಂದಳು. ಕಾರಣ ಹೇಳಲಿಲ್ಲ. ಅಪ್ಪನಿಗೆ ಇವತ್ತಿಗೂ ಗೊತ್ತಿಲ್ಲ. ಸೀರೆಗಳು ಟ್ರಂಕಿಗೆ ಹೋದವು, ಆರತಿ ದೇವರ ಮನೆಗೆ ಹೋಯಿತು. ಇಳಕಲ್ ಸೀರೆಯನ್ನು ಮಾತ್ರ ಅವಳು ತಿರುಗಿ ಕೇಳಲಿಲ್ಲ, ನಾನೂ ಕೊಡಲಿಲ್ಲ.

ಆ ದಿನದಿಂದ ಕಷಾಯವನ್ನು ಅವಳೇ ಮಾಡಿಕೊಳ್ಳುತ್ತಾಳೆ. ನನ್ನ ಮೇಲೆ ಸಿಟ್ಟಿಲ್ಲ ಎಂದು ಹೇಳುತ್ತಾಳೆ, ಇಲ್ಲವೆಂದೇ ಕಾಣುತ್ತದೆ. ಆದರೆ ನಾನು ಕೊಟ್ಟ ನೀರನ್ನೂ ಒಮ್ಮೆ ಮೂಗಿನ ಬಳಿ ಹಿಡಿದು ಆಮೇಲೆ ಕುಡಿಯುತ್ತಾಳೆ. ಅದು ಅವಳಿಗೇ ಗೊತ್ತಿಲ್ಲ. ಎಷ್ಟು ಸಲ ಎಂದು ನಾನು ಬರೆದಿಟ್ಟುಕೊಂಡಿಲ್ಲ. ನಾನು ಎಣಿಸಲು ಒಪ್ಪದ ಮೊದಲ ಸಂಗತಿ ಅದು. ನಾನೂ ಚಹಾ ಬಿಟ್ಟು ಕಷಾಯ ಕುಡಿಯುತ್ತೇನೆ, ಅವಳು ಏನು ಹಾಕಿದ್ದಾಳೆಂದು ಕೇಳದೆ.

ಈ ವರ್ಷ ಸಂಕ್ರಾಂತಿಯಲ್ಲಿ ಪಕ್ಕದ ಮನೆಯವರು ಕರೆಯಲು ಬಂದಾಗ ಮಾವ ಬಾಗಿಲಲ್ಲೇ ಹೇಳಿದರು, "ನಮ್ಮಾಕಿಗೆ ಚಹಾ ಆಗೂದಿಲ್ರಿ, ಹಾಲು ಕೊಡ್ರಿ" ಎಂದು. ಯಾರೂ ನಗಲಿಲ್ಲ. ಅತ್ತೆ ಒಳಗಿನಿಂದ ಕೇಳಿಸಿಕೊಂಡಳು.

ಫೆಬ್ರವರಿ ಹದಿನೇಳು ಈ ಸಲ ಮಂಗಳವಾರ ಬಂತು. ಬೆಳಗಿನಿಂದ ಅದು ನನ್ನ ತಲೆಯಲ್ಲಿತ್ತು. ನಾಲ್ಕು ನಲವತ್ತಕ್ಕೆ ಮನೆ ತಲುಪಿದೆ. ಮಾವ ಹೊರಗೆ ಹೋಗಿದ್ದರು. ಅತ್ತೆ ಒಲೆಯ ಮುಂದೆ ಇದ್ದಳು. ಹೊಸ್ತಿಲ ಪಕ್ಕದ ಮಣೆ ಒರೆಸಿತ್ತು, ಮೇಲೆ ಮಡಿಚಿದ ಟವೆಲ್ ಇತ್ತು. ಅವಳು ಸೋಸಿದಳು, ನಾನು ಕಪ್ಪುಗಳನ್ನು ನೋಡಿದೆ. ಒಂದು ನನ್ನ ಕೈಗೆ ಕೊಟ್ಟಳು, ಒಂದು ತಾನು ಇಟ್ಟುಕೊಂಡಳು, ಒಂದನ್ನು ಮಣೆಯ ಪಕ್ಕದಲ್ಲಿ ನೆಲದ ಮೇಲೆ ಇಟ್ಟಳು. ಆಮೇಲೆ ಇಬ್ಬರೂ ಗೋಡೆಗೆ ಒರಗಿ ಕುಡಿದೆವು. ಕಾರ್ಖಾನೆಯ ಭೋಂಗಾ ಕೂಗಿತು. ಅವಳ ಕೈ ಎದೆಗೆ ಹೋಗಲಿಲ್ಲ. ನನ್ನದು ಹೋಗಿತ್ತು. ಅದನ್ನು ನೋಡಿ ಅವಳು ಮುಗುಳ್ನಕ್ಕಳು.

ಆ ದಿನದ ಪುಟದಲ್ಲಿ, ಕಷಾಯ ಮೂರು ಕಪ್ ಎಂದು ಬರೆದಿದ್ದೇನೆ. ಕುಡಿದವರು ಎಷ್ಟು ಮಂದಿ ಎಂಬಲ್ಲಿ ಏನೂ ಬರೆದಿಲ್ಲ.